ಕುಡಿತ ಬಿಡುವ ಮೊದಲ ವಾರ

ಹತ್ತಾರು ವರ್ಷ ದಿನವೂ ಕುಡಿದವರು ಒಂದು ಬೆಳಿಗ್ಗೆ ‘ಇವತ್ತಿಂದ ಮುಟ್ಟಲ್ಲ’ ಅಂದುಬಿಟ್ಟರೆ ಆ ಮನೆಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಅವತ್ತು ಸಂಜೆಗೇ ಅವರ ಕೈ ನಡುಗತೊಡಗುತ್ತದೆ. ಮಾರನೆಯ ದಿನ ಅನ್ನ ಸೇರುವುದಿಲ್ಲ, ಮೈಯೆಲ್ಲ ಬೆವರು. ‘ಬಿಟ್ಟಾಗ ಹೀಗೇ ಆಗುತ್ತೆ, ಸ್ವಲ್ಪ ತಡ್ಕೊಳ್ಳಿ’ ಎಂದು ಮನೆಯವರು ಧೈರ್ಯ ಹೇಳುತ್ತಾರೆ. ಮೂರನೆಯ ರಾತ್ರಿ ಗೋಡೆ ತುಂಬ ಇರುವೆ ಹರಿಯುತ್ತಿದೆ ಎಂದು ಕೂಗಿ ಎದ್ದು ಕೂರುತ್ತಾರೆ. ಸ್ವಂತ ಮಗಳ ಗುರುತೂ ಹತ್ತುವುದಿಲ್ಲ. ಅಕ್ಕಪಕ್ಕದವರು ಗಾಳಿ ಸೋಕಿದೆ ಎನ್ನುತ್ತಾರೆ. ತಾಯಿತ ಕಟ್ಟಿಸಲು ಓಡಾಡುವ ಆ ಹೊತ್ತಿನಲ್ಲಿ ಜೀವವೇ ಹೋಗಿಬಿಡಬಹುದು.

ಕುಡಿತ ಕೆಟ್ಟದ್ದೆಂದು ಕುಡಿಯುವವರ ಮನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದಿನವೂ ಹೆಚ್ಚು ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಹೆರಾಯಿನ್ ಹೆಸರು ಕೇಳಿದರೇ ನಾವು ಬೆಚ್ಚುತ್ತೇವೆ. ಹೆರಾಯಿನ್ ಬಿಡುವಾಗಿನ ಯಾತನೆ ಭಯಂಕರವಾದರೂ ಆ ಯಾತನೆಯಿಂದಲೇ ಸಾಯುವವರು ಅಪರೂಪ. ಮದ್ಯದ ಮಾತು ಹಾಗಲ್ಲ. ಪರವಾನಗಿ ಪಡೆದ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಈ ಮಾದಕ ದ್ರವ್ಯವನ್ನು ಬಿಡುವಾಗ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಸಾವೂ ಬರಬಹುದು. ಸರಿಯಾದ ಚಿಕಿತ್ಸೆ ಸಿಕ್ಕರೆ ಇದರಲ್ಲಿ ಬಹುಪಾಲನ್ನು ತಡೆಯಬಹುದು. ಅದಕ್ಕೇ ಈ ಲೇಖನ.

ಮೈಯೊಳಗೆ ಆಗುವುದೇನು?

ಬ್ರಾಂದಿ, ವಿಸ್ಕಿ, ಬಿಯರ್, ಸೇಂದಿ, ಎಲ್ಲದರಲ್ಲೂ ಅಮಲು ತರಿಸುವುದು ಎಥನಾಲ್ ಒಂದೇ. ಮಿದುಳಿನಲ್ಲಿ ನರಗಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕವಿದೆ, ಕೆರಳಿಸುವ ಗ್ಲುಟಮೇಟ್ ಇದೆ. ಎಥನಾಲ್ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ಕುಡಿದವರಿಗೆ ಆತಂಕ ಇಳಿದಂತೆ, ಸಂಕೋಚ ಹೋದಂತೆ ಅನ್ನಿಸುವುದು ಇದರಿಂದಲೇ. ಪ್ರಮಾಣ ಹೆಚ್ಚಿದರೆ ಮಾತು ತೊದಲುತ್ತದೆ, ಇನ್ನೂ ಹೆಚ್ಚಿದರೆ ಉಸಿರಾಟವೇ ನಿಧಾನವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮಿದುಳು ಸುಮ್ಮನಿರುವುದಿಲ್ಲ. ಅಮಲಿಗೆ ಎದುರಾಗಿ ತನ್ನ ಕೆರಳಿಸುವ ಶಕ್ತಿಯನ್ನು ಹೆಚ್ಚಿಸಿಕೊಂಡು, ಶಾಂತಗೊಳಿಸುವ ಶಕ್ತಿಯನ್ನು ತಗ್ಗಿಸಿಕೊಂಡು ಒಂದು ಸಮತೋಲ ಕಂಡುಕೊಳ್ಳುತ್ತದೆ. ಹಗ್ಗ ಜಗ್ಗಾಟದಲ್ಲಿ ಎದುರಿನವರು ಫಕ್ಕನೆ ಹಗ್ಗ ಬಿಟ್ಟರೆ ಈ ಕಡೆಯವರು ಬೀಳುವುದಿಲ್ಲವೇ? ಮದ್ಯ ನಿಂತಾಗ ಮಿದುಳಿಗೆ ಆಗುವುದೂ ಅದೇ. ಇದರಲ್ಲಿ ಮನೋಬಲದ ಪ್ರಶ್ನೆಯೇ ಇಲ್ಲ. ಎಂಥ ಗಟ್ಟಿ ಮನಸ್ಸಿನವರೂ ಫಿಟ್ಸನ್ನು ತಡೆದುಕೊಳ್ಳಲಾರರು.

ಎಷ್ಟು ಕುಡಿಯುತ್ತಾರೆ ಎಂದು ಡಾಕ್ಟರು ಕೇಳಿದಾಗ ‘ಸ್ವಲ್ಪ’ ಎನ್ನುವ ಉತ್ತರದಿಂದ ಪ್ರಯೋಜನವಿಲ್ಲ. ಲೆಕ್ಕ ಸುಲಭವಿದೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ಡ್ರಿಂಕ್ ಎಂದು ಎಣಿಸುವುದು 10 ಗ್ರಾಂ ಶುದ್ಧ ಮದ್ಯಸಾರವನ್ನು. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. ಆ ಲೆಕ್ಕದಲ್ಲಿ 30 ಮಿಲಿ ಎಂದರೆ ಒಂದು ಡ್ರಿಂಕ್, ‘ನೈಂಟಿ’ ಎಂದರೆ ಮೂರು, ಒಂದು ಕ್ವಾರ್ಟರ್ ಎಂದರೆ ಆರು. ‘ಬಿಯರ್ ಮಾತ್ರ’ ಎನ್ನುವವರಿಗೂ ಸಮಾಧಾನವಿಲ್ಲ. 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಮೂರೂವರೆಯಿಂದ ನಾಲ್ಕು ಡ್ರಿಂಕ್ ಅಡಗಿರುತ್ತದೆ. ಲಿವರ್ ಇದನ್ನು ಕರಗಿಸುವುದು ಹೆಚ್ಚುಕಡಿಮೆ ಗಂಟೆಗೊಂದು ಡ್ರಿಂಕ್‌ನಂತೆ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ.

ಹಾನಿ ಲಿವರ್‌ಗೆ ಮಾತ್ರ ಎಂದುಕೊಂಡವರೂ ಬಹಳ. ಮದ್ಯಸಾರ ದೇಹದಲ್ಲಿ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಜೀವಕೋಶಗಳ ಡಿಎನ್‌ಎಯನ್ನೇ ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು, ಆಸ್ಬೆಸ್ಟಾಸ್ ಇರುವುದೂ ಅದೇ ಗುಂಪಿನಲ್ಲಿ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡಕರುಳು, ಹೆಂಗಸರಲ್ಲಿ ಸ್ತನ, ಇಷ್ಟೂ ಕಡೆ ಕ್ಯಾನ್ಸರ್‌ಗೆ ಅದು ದಾರಿ ಮಾಡಿಕೊಡುತ್ತದೆ. ಎಷ್ಟು ಕುಡಿದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಿಡಿಸಿ ಹೇಳಿತು. ಹಾಗಾಗಿ ಬಿಡಬೇಕು, ಸಂಶಯವಿಲ್ಲ. ಹೇಗೆ ಬಿಡಬೇಕು ಎಂಬುದೇ ಇಲ್ಲಿಯ ಮಾತು.

ಯಾರಿಗೆ ಅಪಾಯ ಹೆಚ್ಚು?

ಹಬ್ಬಕ್ಕೋ ಮದುವೆಗೋ ಕುಡಿಯುವವರು ನಿಲ್ಲಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದೇಹ ಮದ್ಯಕ್ಕೆ ಒಗ್ಗಿಹೋಗಿದೆಯೇ ಎಂದು ತಿಳಿಯಲು ಅಮೆರಿಕದ ವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳನ್ನು ವೈದ್ಯರು ಈಗಲೂ ಬಳಸುತ್ತಾರೆ. ಕಡಿಮೆ ಮಾಡಬೇಕೆಂದು ಯಾವತ್ತಾದರೂ ಅನ್ನಿಸಿದೆಯೇ? ಯಾರಾದರೂ ಕುಡಿತದ ಬಗ್ಗೆ ಆಡಿಕೊಂಡಾಗ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ಮನಸ್ಸು ಚುಚ್ಚಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲೆಂದೋ ತಲೆಭಾರ ಇಳಿಸಲೆಂದೋ ಕುಡಿದದ್ದುಂಟೇ? ಎರಡಕ್ಕೆ ‘ಹೌದು’ ಎಂದರೆ ವೈದ್ಯರನ್ನು ಕಾಣಬೇಕು. ನನ್ನ ಮಟ್ಟಿಗೆ ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಬೆಳಗಿನ ಹೊತ್ತು ಒಂದು ನೈಂಟಿ ಬೀಳದೆ ಕೈ ಹಿಡಿತಕ್ಕೆ ಬಾರದವರು, ಶೇವಿಂಗ್ ಮಾಡಿಕೊಳ್ಳಲಾಗದವರು, ಟೀ ಲೋಟ ತುಳುಕದಂತೆ ಹಿಡಿಯಲಾಗದವರು ಮನೆಯಲ್ಲಿದ್ದರೆ, ಅವರನ್ನು ವೈದ್ಯರಿಗೆ ತೋರಿಸದೆ ಕುಡಿತ ನಿಲ್ಲಿಸಬೇಡಿ.

ಹಿಂದೆ ಬಿಟ್ಟಾಗ ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ, ಸನ್ನಿ ಹಿಡಿದಿದ್ದರೆ, ಅಪಾಯ ಇಮ್ಮಡಿ ಎಂದೇ ತಿಳಿಯಬೇಕು. ಪದೇ ಪದೇ ಬಿಟ್ಟು ಹಿಡಿದವರ ಮಿದುಳು ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಕೆರಳುತ್ತದೆ. ‘ಹೋದ ಸಲ ಬಿಟ್ಟಾಗ ಏನೂ ಆಗಿರಲಿಲ್ಲ’ ಎಂಬ ಧೈರ್ಯ ಈ ಸಲಕ್ಕೆ ಸಾಲದು. ವಯಸ್ಸಾದವರು, ಸಕ್ಕರೆ ಕಾಯಿಲೆ, ಬಿಪಿ, ಲಿವರ್ ತೊಂದರೆ ಇರುವವರು, ಊಟ ಬಿಟ್ಟು ಬರೀ ಕುಡಿತದಲ್ಲೇ ದಿನ ಕಳೆದವರು ಆಸ್ಪತ್ರೆಯಲ್ಲಿದ್ದುಕೊಂಡೇ ಬಿಡುವುದು ಕ್ಷೇಮ.

ನಿಲ್ಲಿಸಬೇಕೆಂದು ಹೊರಡದೆಯೂ ಕುಡಿತ ನಿಂತುಬಿಡುವ ಸಂದರ್ಭಗಳಿವೆ. ಅಯ್ಯಪ್ಪನ ಮಾಲೆ ಹಾಕಿದ ದಿನ, ಧರ್ಮಸ್ಥಳದಲ್ಲಿ ಆಣೆ ಮಾಡಿದ ದಿನ, ಜೈಲು ಸೇರಿದ ದಿನ. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಕಾಯಿಲೆಗೆಂದು ಆಸ್ಪತ್ರೆ ಸೇರಿದ ದಿನ. ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಿದವರು ಆಪರೇಷನ್ ಮುಗಿದು ಮೂರನೆಯ ದಿನ ಡ್ರಿಪ್ ಕಿತ್ತೊಗೆದು ಮಂಚದಿಂದ ಇಳಿಯಲು ಹೊರಟರೆ ವಾರ್ಡಿಗೆ ವಾರ್ಡೇ ಗಾಬರಿಯಾಗುತ್ತದೆ. ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಟ್ಟದ್ದರಿಂದ ಹೀಗಾಗುತ್ತದೆ. ಅಡ್ಮಿಟ್ ಆಗುವಾಗಲೇ, ಬೇಕಿದ್ದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬ ಮೂರನ್ನೂ ಹೇಳಿಬಿಡಿ. ಅರಿವಳಿಕೆ ಕೊಡುವ ವೈದ್ಯರಿಗೂ ಇದು ಗೊತ್ತಿರಬೇಕು.

ಇಡೀ ರಾಜ್ಯ ಇದನ್ನು ಒಮ್ಮೆಗೇ ಕಂಡದ್ದು 2020ರ ಲಾಕ್‌ಡೌನ್‌ನಲ್ಲಿ. ಮಾರ್ಚ್ ಕೊನೆಯಲ್ಲಿ ಮುಚ್ಚಿದ ಮದ್ಯದಂಗಡಿಗಳು ನಮ್ಮಲ್ಲಿ ಮತ್ತೆ ತೆರೆದದ್ದು ಮೇ 4ಕ್ಕೆ. ಆ ವಾರಗಳಲ್ಲಿ ನಡುಕ, ಫಿಟ್ಸ್, ಸನ್ನಿ ಎಂದು ಆಸ್ಪತ್ರೆಗೆ ಬಂದವರು ಬಹಳ. ಪಕ್ಕದ ಕೇರಳದಲ್ಲಿ ಡಾಕ್ಟರ ಚೀಟಿ ತಂದವರಿಗೆ ಮದ್ಯ ಕೊಡುವ ಆದೇಶವನ್ನೇ ಸರ್ಕಾರ ಹೊರಡಿಸಿತ್ತು. ವೈದ್ಯರು ವಿರೋಧಿಸಿದರು, ಹೈಕೋರ್ಟ್ ತಡೆ ನೀಡಿತು. ಇದಕ್ಕೆ ಆಸ್ಪತ್ರೆಯಲ್ಲಿ ಔಷಧವಿದೆ, ಮದ್ಯದ ಚೀಟಿ ಬರೆಯುವುದು ಚಿಕಿತ್ಸೆಯಲ್ಲ ಎಂಬ ವೈದ್ಯರ ಮಾತು ಸರಿಯಾದದ್ದು.

ಗಂಟೆಗಳ ಲೆಕ್ಕ

ಎಣಿಕೆ ಶುರುವಾಗುವುದು ಕೊನೆಯ ಗುಟುಕಿನಿಂದ. ಆರರಿಂದ ಹನ್ನೆರಡು ಗಂಟೆಯೊಳಗೆ ಕೈ ನಡುಕ, ಬೆವರು, ಎದೆ ಡವಗುಟ್ಟುವುದು, ಓಕರಿಕೆ, ಕಾರಣವಿಲ್ಲದ ಹೆದರಿಕೆ. ನಿದ್ದೆಯಂತೂ ಹತ್ತಿರ ಸುಳಿಯುವುದಿಲ್ಲ. ವಿಪರೀತ ಕುಡಿಯುವವರಲ್ಲಿ ಬಾಯಿಯ ವಾಸನೆ ಹೋಗುವ ಮೊದಲೇ ಇದೆಲ್ಲ ಶುರುವಾಗುವುದುಂಟು. ಬಹುಪಾಲು ಜನರಿಗೆ ತೊಂದರೆ ಇಲ್ಲಿಗೇ ನಿಂತು, ಐದಾರು ದಿನದಲ್ಲಿ ಇಳಿಯುತ್ತದೆ.

ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ದಿನದಲ್ಲಿ. ಬಂದಾಗ ಮಾಡಬೇಕಾದದ್ದು ಸ್ವಲ್ಪವೇ. ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಅಂಗಿಯ ಕೊರಳ ಗುಂಡಿ ಬಿಚ್ಚಿ, ಸುತ್ತ ಇರುವ ಚೂಪಾದ ಸಾಮಾನು ಸರಿಸಿ. ಕೈಗೆ ಬೀಗದ ಕೈ ಗೊಂಚಲು ಕೊಡುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ, ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ನಿಂತಿತೆಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ, ಏಕೆಂದರೆ ಫಿಟ್ಸ್ ಬಂದವರಲ್ಲಿ ಕೆಲವರಿಗೆ ಮುಂದಿನ ಘಟ್ಟ ಕಾದಿರುತ್ತದೆ.

ಆ ಘಟ್ಟವೇ ಸನ್ನಿ. ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಎರಡನೆಯ ದಿನದಿಂದ ಐದನೆಯ ದಿನದೊಳಗೆ ಬರುತ್ತದೆ, ಹೆಚ್ಚಾಗಿ ಕತ್ತಲಾದ ಮೇಲೆ ಜೋರಾಗುತ್ತದೆ. ಜ್ವರ, ಏರಿದ ಬಿಪಿ, ಓಡುವ ನಾಡಿ, ಮೈಯೆಲ್ಲ ನಡುಕ. ಹಗಲೋ ರಾತ್ರಿಯೋ ತಿಳಿಯದ ಗೊಂದಲ. ಹಾಸಿಗೆಯ ಮೇಲೆ ಹುಳು ಕಾಣುತ್ತವೆ, ಚಾದರ ಹೆಕ್ಕುತ್ತಾರೆ. ಕೆಲವರು ತಮ್ಮ ಕಸುಬನ್ನೇ ಗಾಳಿಯಲ್ಲಿ ಮಾಡತೊಡಗುತ್ತಾರೆ. ಡ್ರೈವರ್ ಆದವರು ಇಲ್ಲದ ಸ್ಟಿಯರಿಂಗ್ ತಿರುಗಿಸುತ್ತಾರೆ, ರೈತರು ಎತ್ತುಗಳನ್ನು ಕೂಗುತ್ತಾರೆ, ದರ್ಜಿ ಹೊಲಿಗೆ ಯಂತ್ರ ತುಳಿಯುತ್ತಾರೆ. ನೋಡಿದವರಿಗೆ ದೆವ್ವ ಮೆಟ್ಟಿದಂತೆಯೇ ಕಾಣುತ್ತದೆ. ಒಳಗೆ ಮಾತ್ರ ನೀರಿನಂಶ, ಪೊಟ್ಯಾಶಿಯಂ, ಮೆಗ್ನೀಶಿಯಂ ಕುಸಿದು ಹೃದಯದ ಲಯ ತಪ್ಪುತ್ತಿರುತ್ತದೆ. ಇದು ತುರ್ತು ಸ್ಥಿತಿ. ಮಂತ್ರಿಸಲು ಹೋಗಬೇಡಿ, ಕಟ್ಟಿಹಾಕಬೇಡಿ, ಬೆಳಗಾಗಲಿ ಎಂದು ಕಾಯಬೇಡಿ.

ಗ್ಲೂಕೋಸ್ ಬಾಟಲಿ ಮತ್ತು ಒಂದು ಪ್ರಶ್ನೆ

ನಮ್ಮ ಊರುಗಳಲ್ಲಿ ಸುಸ್ತೆಂದರೆ ‘ಗ್ಲೂಕೋಸ್ ಹಾಕಿಸು’ ಎನ್ನುವುದು ರೂಢಿ. ಕುಡಿತದವರ ವಿಷಯದಲ್ಲಿ ಇಲ್ಲೊಂದು ಎಚ್ಚರ ಬೇಕು. ಮಿದುಳು ಗ್ಲೂಕೋಸನ್ನು ಬಳಸಿಕೊಳ್ಳಬೇಕಾದರೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಇರಲೇಬೇಕು. ಬಹುಕಾಲ ಕುಡಿದವರಲ್ಲಿ ಅದು ತಳಮುಟ್ಟಿರುತ್ತದೆ; ಊಟವೂ ಸರಿಯಿಲ್ಲ, ತಿಂದದ್ದರಿಂದ ಹೀರಿಕೊಳ್ಳಲು ಕರುಳಿಗೂ ಶಕ್ತಿಯಿಲ್ಲ. ಅಂಥವರಿಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ವೆರ್ನಿಕೆ ಎಂಬ ಮಿದುಳಿನ ಕಾಯಿಲೆ ಬರಬಹುದು. ಗೊಂದಲ, ಕಣ್ಣುಗುಡ್ಡೆ ಅದುರುವುದು ಅಥವಾ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು ಅದರ ಗುರುತು. ‘ಬಿಟ್ಟು ನಾಲ್ಕು ದಿನ ಆಯ್ತು, ಇನ್ನೂ ಕುಡಿದವರ ಹಾಗೇ ತೂರಾಡ್ತಾರಲ್ಲ’ ಅನ್ನಿಸಿದರೆ ತಕ್ಷಣ ತೋರಿಸಿ. ಬಿಟ್ಟರೆ ಹೊಸ ನೆನಪೇ ನಿಲ್ಲದ, ಬಹುಪಾಲು ಹಿಂತಿರುಗಿ ಬಾರದ ಮರೆವಿಗೆ ಅದು ತಿರುಗುತ್ತದೆ. ಐವತ್ತರ ಗಂಡಸು ತಿಂಡಿ ತಿಂದದ್ದನ್ನು ಹತ್ತು ನಿಮಿಷದಲ್ಲಿ ಮರೆತು ಮತ್ತೆ ಕೇಳುವ ಸ್ಥಿತಿ ಅದು.

ಆದ್ದರಿಂದ ಡ್ರಿಪ್ ಹಾಕುವ ಮೊದಲು ‘ಇವರು ದಿನಾ ಕುಡಿಯುವವರು. ಥಯಾಮಿನ್ ಇಂಜೆಕ್ಷನ್ ಕೊಡ್ತೀರಾ?’ ಎಂದು ವಿನಯದಿಂದಲೇ ಕೇಳಿ. ಆದರೆ ಸಕ್ಕರೆ ಅಂಶ ತೀರಾ ಇಳಿದು ಪ್ರಜ್ಞೆ ತಪ್ಪಿದ್ದರೆ ಗ್ಲೂಕೋಸ್ ತಡಮಾಡುವಂತಿಲ್ಲ, ಎರಡನ್ನೂ ಒಟ್ಟಿಗೇ ಕೊಡುತ್ತಾರೆ. ಅದರ ತೀರ್ಮಾನ ವೈದ್ಯರದ್ದು.

ಎಲ್ಲಿಗೆ ಹೋಗಬೇಕು, ಏನು ಕೊಡುತ್ತಾರೆ?

ತೀರ್ಮಾನ ಮಾಡಿದ ದಿನವೇ ಬಾಟಲಿ ಒಡೆಯುವ ಬದಲು ಡಾಕ್ಟರ ಬಳಿ ಹೋಗುವ ದಿನ ಗೊತ್ತು ಮಾಡಿ. ಬೆಳಗಿನ ನಡುಕ ಇರುವವರು ವೈದ್ಯರನ್ನು ಕಾಣುವತನಕ ಒಮ್ಮೆಲೇ ನಿಲ್ಲಿಸಬಾರದು. ಹೆಂಡತಿ ಮಕ್ಕಳಿಗೆ ಈ ಮಾತು ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ಜೀವ ಉಳಿಯುವುದು ಇದರಲ್ಲಿಯೇ. ವೈದ್ಯರು ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಲೋರಾಜೆಪಾಮ್‌ನಂಥ ಔಷಧವನ್ನು ಮೊದಲೆರಡು ದಿನ ಹೆಚ್ಚು ಕೊಟ್ಟು, ಆಮೇಲೆ ದಿನದಿಂದ ದಿನಕ್ಕೆ ಇಳಿಸುತ್ತಾ ವಾರ, ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ಮದ್ಯ ಬಿಟ್ಟ ಜಾಗವನ್ನು ಈ ಔಷಧ ತಾತ್ಕಾಲಿಕವಾಗಿ ತುಂಬುತ್ತದೆ. ಇವೂ ಚಟ ಹಿಡಿಸುವ ಮಾತ್ರೆಗಳೇ. ಮೆಡಿಕಲ್ ಶಾಪಿನಿಂದ ತಾವೇ ನಿದ್ದೆ ಮಾತ್ರೆ ತಂದು ನುಂಗಿಸುವುದು, ಅದರ ಮೇಲೆ ಕುಡಿಯುವುದು, ಎರಡೂ ಉಸಿರು ನಿಲ್ಲಿಸಬಲ್ಲವು.

ತೊಂದರೆ ಸೌಮ್ಯವಾಗಿದ್ದು, ಮನೆಯಲ್ಲಿ ಹಗಲು ರಾತ್ರಿ ನೋಡಿಕೊಳ್ಳುವವರಿದ್ದರೆ ಮಾತ್ರೆ ಕೊಟ್ಟು ಮನೆಗೇ ಕಳಿಸುವುದುಂಟು. ಆಗ ಮಾತ್ರೆಗಳು ಮನೆಯವರ ಕೈಯಲ್ಲಿರಲಿ. ಗಂಜಿ, ಮಜ್ಜಿಗೆ, ಓಆರ್‌ಎಸ್, ಎಳನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಕೋಣೆ ಸದ್ದಿಲ್ಲದಿರಲಿ, ರಾತ್ರಿ ಸಣ್ಣ ದೀಪವಿರಲಿ. ಕತ್ತಲಿನಲ್ಲಿ ಭ್ರಮೆ ಹೆಚ್ಚುತ್ತದೆ. ನೆಂಟರಿಷ್ಟರು ಬಂದು ಬುದ್ಧಿ ಹೇಳುವ ಕಾರ್ಯಕ್ರಮವನ್ನು ಆ ವಾರವಂತೂ ದೂರವಿಡಿ.

ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗದಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವಾಗ ಬರುತ್ತಾರೆಂದು ಮೊದಲೇ ವಿಚಾರಿಸಿ. ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕುಡಿದು ಹೊಡೆಯುವವರ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ 181, ತುರ್ತಿಗೆ 112. ಕುಡಿತ ಕಾಯಿಲೆಯೆಂಬ ಕಾರಣಕ್ಕೆ ಹೊಡೆತವನ್ನು ಸಹಿಸಬೇಕಾಗಿಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಸಂಸಾರಗಳು ನೆಟ್ಟಗಾಗಿವೆ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ಒಟ್ಟಿಗೆ ಸೇರಿಸಿ ಇಟ್ಟುಕೊಳ್ಳುವುದು ಅವುಗಳ ದೊಡ್ಡ ಬಲ. ಯಾವುದೇ ಶಿಬಿರಕ್ಕೆ ಕಳಿಸುವಾಗ ಹಿಂದೆ ಫಿಟ್ಸ್ ಬಂದಿದ್ದರೆ ಸಂಘಟಕರಿಗೆ ಹೇಳಿ, ಮೊದಲು ವೈದ್ಯರಿಗೆ ತೋರಿಸಿ ಕಳಿಸಿ.

ಖಾಸಗಿ ವ್ಯಸನಮುಕ್ತಿ ಕೇಂದ್ರ ಆರಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯವ್ಯಸನದ ಚಿಕಿತ್ಸೆಯೂ ಬರುತ್ತದೆ. ಅಂಥ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಅಪರಾಧ. ನೋಂದಣಿ ಪತ್ರ ಕೇಳಿ. ರಾತ್ರಿ ವೈದ್ಯರೋ ನರ್ಸೋ ಇರುತ್ತಾರೆಯೇ ಎಂದು ಕೇಳಿ. ‘ಮೂರು ತಿಂಗಳು ಮನೆಯವರು ಮುಖ ನೋಡಬಾರದು’ ಎನ್ನುವ, ನಡುರಾತ್ರಿ ವ್ಯಾನ್ ಕಳಿಸಿ ಎತ್ತಿಕೊಂಡು ಹೋಗುವ ಜಾಗಕ್ಕೆ ನಿಮ್ಮವರನ್ನು ಒಪ್ಪಿಸಬೇಡಿ.

ಊಟದಲ್ಲಿ ಬೆರೆಸುವ ಪುಡಿ

‘ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂಬ ಜಾಹೀರಾತನ್ನು ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಅಂಥ ಪುಡಿಗಳಲ್ಲಿ ಏನಿದೆಯೆಂದು ಕೊಳ್ಳುವವರಿಗೆ ತಿಳಿಯದು. ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿಮಾಡಿ ಹಾಕುವವರೂ ಇದ್ದಾರೆ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದರ ಗುಣ ಕಂಡುಕೊಂಡರು. ಇದನ್ನು ನುಂಗಿದವರು ಕುಡಿದರೆ ಅಸಿಟಾಲ್ಡಿಹೈಡ್ ಒಡೆಯದೆ ರಕ್ತದಲ್ಲಿ ತುಂಬಿ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಆಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪ್ರಭಾವ ಇರಬಹುದು. ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವರಿಗೆ ಇದು ಒಳ್ಳೆಯ ಔಷಧ. ಗೊತ್ತಿಲ್ಲದವರ ಊಟಕ್ಕೆ ಹಾಕಿದರೆ ಅದು ವಿಷಪ್ರಾಶನಕ್ಕೆ ಸಮ. ಎಷ್ಟೇ ನೊಂದಿದ್ದರೂ ಆ ಕೆಲಸಕ್ಕೆ ಕೈಹಾಕಬೇಡಿ ಎಂದು ಮನೆಯ ಹೆಣ್ಣುಮಕ್ಕಳನ್ನು ಕೈಮುಗಿದು ಕೇಳುತ್ತೇನೆ.

ನಡುಕದಲ್ಲಿರುವವರು ಸಿಕ್ಕಿದ್ದನ್ನು ಕುಡಿಯುತ್ತಾರೆ ಎಂಬುದೂ ನೆನಪಿರಲಿ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರರಷ್ಟು ಜನ ಸತ್ತರು. 2007ರಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರ ಸುತ್ತಮುತ್ತ ಮತ್ತೆ ನೂರಕ್ಕೂ ಹೆಚ್ಚು ಜೀವ ಹೋಯಿತು. ಕೊಂದದ್ದು ಮೆಥನಾಲ್. ಕುಡಿದ ಕೆಲವು ಗಂಟೆಗಳ ಮೇಲೆ, ಒಮ್ಮೊಮ್ಮೆ ಮರುದಿನ, ಕಣ್ಣು ಮಂಜಾಗುವುದು, ಹೊಟ್ಟೆನೋವು, ಏದುಸಿರು ಶುರುವಾಗುತ್ತದೆ. ‘ನಿದ್ದೆ ಮಾಡಿದರೆ ಇಳಿಯುತ್ತೆ’ ಎಂದು ಮಲಗಿಸದೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಓಡಬೇಕು. ಜೊತೆಯಲ್ಲಿ ಕುಡಿದವರನ್ನೂ ಹುಡುಕಿ ಕರೆದೊಯ್ಯಬೇಕು.

ವಾರ ಕಳೆದ ಮೇಲೆ

ನಡುಕ ನಿಂತಿತೆಂದರೆ ದೇಹ ಮದ್ಯವಿಲ್ಲದೆ ಇರಲು ಕಲಿತಿತು ಎಂದಷ್ಟೇ ಅರ್ಥ. ನಿದ್ದೆ ಸರಿಯಾಗಲು ವಾರಗಳು ಬೇಕು, ಆಸೆ ಅಡಗಲು ತಿಂಗಳುಗಳು. ಹೆಚ್ಚಿನ ಮನೆಗಳು ಮೋಸ ಹೋಗುವುದು ಇಲ್ಲಿಯೇ; ಹತ್ತು ದಿನಕ್ಕೆ ಡಿಸ್ಚಾರ್ಜ್ ಆದ ಮೇಲೆ ಆಸ್ಪತ್ರೆಯ ದಾರಿ ಮರೆಯುತ್ತಾರೆ. ಆಸೆಯನ್ನು ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ. ಲಿವರ್, ಕಿಡ್ನಿ ನೋಡಿ ಯಾವುದೆಂದು ವೈದ್ಯರು ನಿರ್ಧರಿಸುತ್ತಾರೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಕುಡಿಯಬೇಕೆಂಬ ತಹತಹ ಒಮ್ಮೆ ಎದ್ದರೆ ಬಹುಪಾಲು ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗೆ ಊಟ, ಸ್ನಾನ, ಒಂದು ಫೋನ್, ಏನಾದರೂ ಸಿದ್ಧವಿರಲಿ. ಹಳ್ಳಿಗಳಲ್ಲಿ ಶನಿವಾರದ ಬಟವಾಡೆ, ಜಾತ್ರೆ, ತಿಥಿ, ಚುನಾವಣೆ, ಇವು ಜಾರುವ ದಿನಗಳು. ಬಟವಾಡೆ ಹೊತ್ತಿಗೆ ಮನೆಯವರೊಬ್ಬರು ಜೊತೆಗಿದ್ದು ಬರುವುದನ್ನು ಅವಮಾನವಾಗದಂತೆ ಮೊದಲೇ ಮಾತಾಡಿಕೊಳ್ಳಿ. ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ನಮ್ಮ ನಗರಗಳಲ್ಲಿವೆ, ಶುಲ್ಕವಿಲ್ಲ.

ಮತ್ತೆ ಕುಡಿದುಬಿಟ್ಟರೆ? ಹಾಗಾಗುವುದು ಬಹಳ ಸಾಮಾನ್ಯ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಚಿಕಿತ್ಸೆ ವ್ಯರ್ಥವಾಯಿತು ಎನ್ನುತ್ತೇವೆಯೇ? ಅದೇ ವೈದ್ಯರ ಬಳಿ ಮರಳಿ ಹೋಗಿ. ಎರಡು ಎಚ್ಚರ ಮಾತ್ರ ಬೇಕು. ತಿಂಗಳುಗಟ್ಟಲೆ ಬಿಟ್ಟಿದ್ದವರ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಮೊದಲಿನ ಹಾಗೇ ಎರಡು ಕ್ವಾರ್ಟರ್ ಏರಿಸಿದರೆ ಪ್ರಜ್ಞೆ ತಪ್ಪಿ, ಮಲಗಿದಲ್ಲೇ ವಾಂತಿ ಗಂಟಲಿಗೆ ಸಿಕ್ಕಿ ಸಾಯಬಹುದು. ಅಂಥವರನ್ನು ಅಂಗಾತ ಮಲಗಿಸದೆ ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲೇ ಇರಿ. ಕರೆದರೆ ಏಳದಿದ್ದರೆ, ಉಸಿರು ನಿಧಾನವಾದರೆ 108. ಇನ್ನೊಂದು, ಮತ್ತೆ ಹದಿನೈದಿಪ್ಪತ್ತು ದಿನ ಬಿಡದೆ ಕುಡಿದಿದ್ದರೆ ಈ ಸಲವೂ ತಾವಾಗಿಯೇ ನಿಲ್ಲಿಸುವುದು ಬೇಡ. ಕೊನೆಯ ಗುಟುಕಿನ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು, ಹಳೆಯ ಡಿಸ್ಚಾರ್ಜ್ ಕಾಗದ, ಮಾತ್ರೆಗಳ ಪಟ್ಟಿಯೊಂದಿಗೆ ಅವತ್ತೇ ಆಸ್ಪತ್ರೆಗೆ ಹೋಗಿ.